ದೇಶದ ಮೇಲೆ ಬಂದ ಮಾತು

ಮದುವೆಯಾಗಿ ಬೇರೆ ಊರು ಸೇರಿದ ಯಾವ ಹೆಣ್ಣುಮಗಳನ್ನಾದರೂ ಕೇಳಿ. ತವರಿನಲ್ಲಿದ್ದಾಗ ಅಪ್ಪನ ಜಿಪುಣತನ, ಅಣ್ಣನ ಸೋಮಾರಿತನ, ಅಮ್ಮನ ಬಾಯಿ ಎಲ್ಲವನ್ನೂ ಅವಳು ಬೆಳಗಾದರೆ ಆಡಿಕೊಂಡವಳೇ. ಅದೇ ಮಾತನ್ನು ಅತ್ತೆಮನೆಯಲ್ಲಿ, ಊಟದ ಹೊತ್ತಿಗೆ ಬಂದ ದೂರದ ನೆಂಟರೊಬ್ಬರು ನಗುತ್ತ ಆಡಿದರೆ, ಅವಳ ಕೈಯಲ್ಲಿದ್ದ ಸೌಟು ನಿಂತುಬಿಡುತ್ತದೆ. ಮಾತು ಸುಳ್ಳು ಅಂತಲ್ಲ. ಆಡುವ ಹಕ್ಕು ಇವರಿಗೆಲ್ಲಿಂದ ಬಂತು ಅಂತ. ಪರದೇಶದಲ್ಲಿ ಬದುಕುವವರ ಪಾಡೂ ಹೆಚ್ಚುಕಡಿಮೆ ಇದೇ. ಸೊಸೆಯ ತವರಿನಲ್ಲಿ ಏಳೆಂಟು ಜನ ಇದ್ದಾರು, ನಮ್ಮ ತವರಿನಲ್ಲಿ ನೂರನಲವತ್ತು ಕೋಟಿ ಜನ. ಅಷ್ಟೂ ಜನರ ಪರವಾಗಿ ಉತ್ತರ ಕೊಡುವ ಕೆಲಸ ನಮ್ಮ ಹೆಗಲಿಗೇ ಬಿದ್ದಿದೆ ಎಂದು ನಾವೇ ಅಂದುಕೊಂಡಿರುತ್ತೇವೆ.

ನಾನು ಮಲೆನಾಡಿನ ಸಾಗರದ ಕಡೆಯವಳು. ಜರ್ಮನಿಯ ದಕ್ಷಿಣದಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಪಟ್ಟಣದಲ್ಲಿ ಸಂಸಾರ ಹೂಡಿ ಬಹಳ ವರ್ಷಗಳಾದವು. ಅಲ್ಲಿ ನನ್ನ ಕಿವಿಗೆ ಬಿದ್ದ, ನಮ್ಮ ದೇಶದ ಮೇಲಿನ ಮಾತುಗಳ ಬಗ್ಗೆ ಈ ಹೊತ್ತು ನಾಲ್ಕು ಮಾತು ಆಡುತ್ತೇನೆ.

ಮೊದಲು ಹೊಗಳಿಕೆ. ಬೈಗುಳಕ್ಕಿಂತ ಇದನ್ನು ನಿಭಾಯಿಸುವುದು ಕಷ್ಟ. ಕೇರಳದಲ್ಲಿ ಎರಡು ವಾರ ಎಣ್ಣೆಸ್ನಾನ ಮಾಡಿಸಿಕೊಂಡು ಬಂದವರು, ರಿಷಿಕೇಶದಲ್ಲಿ ಯೋಗ ಕಲಿತು ಬಂದವರು ನಮ್ಮ ಕೈ ಹಿಡಿದುಕೊಂಡು, ‘ನಿಮ್ಮ ಜನ ಎಷ್ಟು ಬಡವರು, ಆದರೂ ಎಷ್ಟು ಸಂತೋಷವಾಗಿದ್ದಾರೆ!’ ಎನ್ನುತ್ತಾರೆ. ಕಣ್ಣಲ್ಲಿ ನೀರೂ ಇರುತ್ತದೆ, ಸುಳ್ಳಲ್ಲ. ಮಳೆಗಾಲದಲ್ಲಿ ಮನೆ ಸೋರುತ್ತಿದ್ದ ನನ್ನ ಸಹಪಾಠಿಯ ಅಮ್ಮನ ಮುಖ ನನಗಾಗ ನೆನಪಾಗುತ್ತದೆ. ಆಕೆ ಸಂತೋಷವಾಗಿದ್ದ ದಿನಗಳೂ ಇದ್ದವು, ಆದರೆ ಬಡವಿಯಾಗಿದ್ದಕ್ಕೆ ಸಂತೋಷಪಟ್ಟವಳಲ್ಲ. ಇದನ್ನು ಹೇಳಿದರೆ ಹೊಗಳಿದವರ ಮನಸ್ಸು ಮುದುಡುತ್ತದೆ, ಹೇಳದಿದ್ದರೆ ಆಕೆಗೆ ಅನ್ಯಾಯ. ನಾನು ಹೇಳುತ್ತೇನೆ. ‘ನಿಮ್ಮ ದೇಶವೆಲ್ಲ ಬಿಸಿಲು, ಇಲ್ಲಿ ಮಳೆ ಕಂಡರೆ ಬೇಸರವಾಗುವುದಿಲ್ಲವೆ’ ಎಂದು ಕೇಳುವವರಿಗೆ ಆಗುಂಬೆಯ ಲೆಕ್ಕ ಕೊಡುವುದು ಸುಲಭ. ಇಡೀ ವರ್ಷಕ್ಕೆ ಜರ್ಮನಿಗೆ ಸರಾಸರಿ 800 ಮಿಲಿಮೀಟರ್ ಬಿದ್ದರೆ ಹೆಚ್ಚು, ಆಗುಂಬೆಗೆ ಏಳು ಸಾವಿರದ ಮೇಲೆ. ಅವರು ನಂಬುವುದಿಲ್ಲ. ಮೊಬೈಲು ತೆಗೆದು ಹುಡುಕಿ ನೋಡಿ ಸುಮ್ಮನಾಗುತ್ತಾರೆ.

ಇನ್ನೊಂದು ಸಂಗತಿ. ನಮ್ಮ ಬಗ್ಗೆ ಅವರಿಗಿರುವ ಅಭಿಪ್ರಾಯ ನಮ್ಮನ್ನು ನೋಡಿ ಹುಟ್ಟಿದ್ದು ಎಂದು ನಾವು ತಿಳಿದಿರುತ್ತೇವೆ. ಎಷ್ಟೋ ಸಲ ಅದು ಅವರ ಮನೆಯ ಸ್ಥಿತಿಗೆ ತಕ್ಕಂತೆ ಹೊರಳುವ ಮಾತು. 2000ದಲ್ಲಿ ಅಲ್ಲಿಯ ಚಾನ್ಸಲರ್ ಶ್ರೋಡರ್ ಕಂಪ್ಯೂಟರ್ ತಂತ್ರಜ್ಞರಿಗಾಗಿ 20,000 ವೀಸಾಗಳ ‘ಗ್ರೀನ್ ಕಾರ್ಡ್’ ಯೋಜನೆ ತಂದರು. ಕಣ್ಣು ನೆಟ್ಟಿದ್ದು ಬೆಂಗಳೂರಿನ ಹುಡುಗರ ಮೇಲೆ. ಆ ವರ್ಷವೇ ನಾರ್ಥ್ ರೈನ್ ವೆಸ್ಟ್‌ಫೇಲಿಯಾ ರಾಜ್ಯದ ಚುನಾವಣೆಯಲ್ಲಿ ವಿರೋಧ ಪಕ್ಷದ ರುಟ್‌ಗರ್ಸ್ ಎಂಬ ನಾಯಕರ ಪ್ರಚಾರದಿಂದ ‘ಭಾರತೀಯರ ಬದಲು ನಮ್ಮ ಮಕ್ಕಳು’ ಎಂಬರ್ಥದ ಪ್ರಾಸಬದ್ಧ ಘೋಷಣೆ ಹುಟ್ಟಿ ಊರೂರಿಗೆ ಹಬ್ಬಿತು. ಆ ಚುನಾವಣೆಯಲ್ಲಿ ಅವರು ಗೆಲ್ಲಲಿಲ್ಲ. ಆದರೆ ಆ ಕಾಲದಲ್ಲಿ ಅಲ್ಲಿಗೆ ಹೋದ ನಮ್ಮವರಿಗೆ ಆ ಪ್ರಾಸ ಇವತ್ತಿಗೂ ನೆನಪಿದೆ. ಅದೇ ಜರ್ಮನಿ 2024ರ ಅಕ್ಟೋಬರಿನಲ್ಲಿ, ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆಂದು ಹೇಳಿತು. ನಡುವಿನ ಇಪ್ಪತ್ತನಾಲ್ಕು ವರ್ಷದಲ್ಲಿ ನಾವು ಅಷ್ಟೊಂದು ಬದಲಾದೆವೆ? ಅವರಲ್ಲಿ ಮುದುಕರು ಹೆಚ್ಚಾದರು, ದುಡಿಯುವ ಕೈ ಕಡಿಮೆಯಾದವು. ಇದನ್ನು ತಿಳಿದುಕೊಂಡ ಮೇಲೆ ಹೊಗಳಿಕೆಯೂ ತೆಗಳಿಕೆಯೂ ನನಗೆ ಮೊದಲಿನಷ್ಟು ತಾಗುವುದಿಲ್ಲ.

ಆದರೂ ತಾಗುವ ದಿನಗಳಿವೆ. 2023ರ ಏಪ್ರಿಲ್‌ನಲ್ಲಿ, ಜನಸಂಖ್ಯೆಯಲ್ಲಿ ಭಾರತ ಚೀನಾವನ್ನು ದಾಟುತ್ತಿದೆ ಎಂಬ ಸುದ್ದಿ ಬಂದಾಗ, ಅಲ್ಲಿಯ ದೊಡ್ಡ ವಾರಪತ್ರಿಕೆ ‘ಡೇರ್ ಶ್ಪೀಗೆಲ್’ ಒಂದು ವ್ಯಂಗ್ಯಚಿತ್ರ ಹಾಕಿತು. ಒಂದು ಹಳಿಯ ಮೇಲೆ ನುಣುಪಾದ ಚೀನೀ ಬುಲೆಟ್ ರೈಲು. ಪಕ್ಕದ ಹಳಿಯಲ್ಲಿ, ಚಾವಣಿಯ ಮೇಲೂ ಜನ ತುಂಬಿ ತುಳುಕುವ ನಮ್ಮ ಹಳೇ ರೈಲು ಅದನ್ನು ಹಿಂದೆ ಹಾಕುತ್ತಿದೆ. ಬಾವುಟ ಬೇರೆ ಹಾರಾಡುತ್ತಿದೆ. ಆ ವಾರ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪು ಕಾದ ಹೆಂಚಾಗಿತ್ತು. ದೆಹಲಿಯ ಮಂತ್ರಿಗಳೂ ಉತ್ತರ ಕೊಟ್ಟರು. ನಮ್ಮವರೂ ಅಂಕಿಅಂಶ ಹುಡುಕಿ ತೆಗೆದರು. ನಮ್ಮ ಬ್ರಾಡ್‌ಗೇಜ್ ಹಳಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಆಗಲೇ ವಿದ್ಯುದೀಕರಣವಾಗಿತ್ತು, ಜರ್ಮನಿಯಲ್ಲಿ ಅರವತ್ತರ ಆಸುಪಾಸು. ನೆತ್ತಿಯ ಮೇಲೆ 25,000 ವೋಲ್ಟ್ ತಂತಿ ಇರುವಾಗ ಚಾವಣಿ ಹತ್ತಿದವನು ಮುಂದಿನ ನಿಲ್ದಾಣ ನೋಡುವುದಿಲ್ಲ. ಹಾಗಾಗಿ ಚಿತ್ರ ಬರೆದವನು ನೋಡಿದ್ದು ಯಾವುದೋ ಹಳೇ ಫೋಟೋ. ಇಷ್ಟರವರೆಗೆ ಸರಿ. ಆಮೇಲೆ ಒಬ್ಬರು, ಆ ವರ್ಷ ಜರ್ಮನಿಯ ದೂರದ ರೈಲುಗಳಲ್ಲಿ ನೂರಕ್ಕೆ ಅರವತ್ತನಾಲ್ಕು ಮಾತ್ರ ಹೊತ್ತಿಗೆ ಸರಿಯಾಗಿ ಬಂದವು ಎಂಬ ಲೆಕ್ಕವನ್ನೂ ಹಿಡಿದುಕೊಂಡು ಬಂದರು. ಕಚೇರಿಯ ಕ್ಯಾಂಟೀನಿನಲ್ಲಿ ಹೇಳಲು ಒಳ್ಳೆಯ ಅಸ್ತ್ರ. ನಗು ಬರುತ್ತದೆ, ಎದುರಿನವರು ಸೋಲುತ್ತಾರೆ.

ಸೋತ ಮೇಲೆ? ಮಾತು ಅಲ್ಲಿಗೇ ಮುಗಿಯುತ್ತದೆ. ತಾಳಗುಪ್ಪದ ರೈಲಿನ ಜನರಲ್ ಬೋಗಿಯಲ್ಲಿ, ಹಬ್ಬದ ಹಿಂದಿನ ದಿನ, ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಊರಿಗೆ ಬಂದವಳು ನಾನು. ಚಾವಣಿಯ ಮೇಲೆ ಜನ ಇಲ್ಲ, ನಿಜ. ಒಳಗೆ ಕಾಲಿಡಲು ಜಾಗವಿಲ್ಲ, ಅದೂ ನಿಜ. ವಕೀಲರಾದವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗುತ್ತಾರೆ, ಅದು ಅವರ ವೃತ್ತಿಧರ್ಮ. ಸಾಕ್ಷಿ ಹೇಳಲು ಬಂದವರು ಕಂಡಿದ್ದೆರಡನ್ನೂ ಹೇಳಬೇಕು, ಕಾಣದ್ದನ್ನು ಹೇಳಬಾರದು. ಪರದೇಶದಲ್ಲಿ ನಮಗೆ ವಕಾಲತ್ತು ಯಾರೂ ಕೊಟ್ಟಿಲ್ಲ. ಆ ಕೆಲಸಕ್ಕೆ ಸಂಬಳ ಪಡೆಯುವ ರಾಯಭಾರ ಕಚೇರಿ ಬರ್ಲಿನ್‌ನಲ್ಲಿದೆ. ನಮ್ಮದು ಸಾಕ್ಷಿಯ ಜಾಗ ಎಂದು ನನಗೆ ಬರಬರುತ್ತ ಅನ್ನಿಸಿದೆ.

ಇದನ್ನು ನನಗಿಂತ ಚೆನ್ನಾಗಿ ಮಾಡಿದವಳು ನನ್ನ ಮಗಳು. ಶಾಲೆಯ ಭೂಗೋಳದಲ್ಲಿ ಭಾರತದ ಪಾಠ ಬಂತು. ಪುಸ್ತಕದಲ್ಲಿ ಮುಂಬಯಿಯ ಧಾರಾವಿ, ಬೀದಿಯಲ್ಲಿ ಮಲಗಿದ ಹಸು, ತಲೆಯ ಮೇಲೆ ಕೊಡ ಹೊತ್ತ ಹೆಂಗಸು. ತರಗತಿಯ ಕಣ್ಣೆಲ್ಲ ಇವಳ ಕಡೆ. ಅವಳು ಹುಟ್ಟಿದ್ದು ಅಲ್ಲಿ. ಬೇಸಿಗೆ ರಜೆಯಲ್ಲಿ ಸಾಗರ ನೋಡಿದ್ದಾಳೆಯೇ ಹೊರತು ಮುಂಬಯಿಯನ್ನು ವಿಮಾನದ ಕಿಟಕಿಯಿಂದಲೂ ಸರಿಯಾಗಿ ನೋಡಿಲ್ಲ. ಟೀಚರು ಕೇಳಿದರಂತೆ, ‘ನಿನ್ನ ದೇಶದಲ್ಲಿ ಹೀಗೆಯೇ ಇರುತ್ತದೆಯೆ?’ ಇವಳ ಉತ್ತರ: ‘ಅದು ನನಗೆ ಗೊತ್ತಿಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ಹಸುಗಳಿವೆ, ಅವು ಕೊಟ್ಟಿಗೆಯಲ್ಲಿರುತ್ತವೆ. ಒಂದು ಒದೆಯುತ್ತದೆ. ನೀರು ನಲ್ಲಿಯಲ್ಲಿ ಬರುತ್ತದೆ, ಕರೆಂಟು ಹೋದರೆ ಬರುವುದಿಲ್ಲ.’ ಮನೆಗೆ ಬಂದು ಇದನ್ನು ಹೇಳಿದಾಗ ನನ್ನೊಳಗಿನ ವಕೀಲೆ, ‘ಕರೆಂಟು ಹೋಗುವ ವಿಷಯ ಯಾಕೆ ಹೇಳಿದೆ?’ ಎನ್ನಲು ಬಾಯಿ ತೆರೆದಿದ್ದಳು. ‘ಹೋಗುತ್ತದಲ್ಲ’ ಎಂದು ಅವಳು ಬೂಟು ಬಿಚ್ಚುತ್ತ ಮೊದಲೇ ಹೇಳಿಬಿಟ್ಟಳು. ಮುಂದಿನ ವಾರ ಟೀಚರು ಅವಳಿಂದ ಸಾಗರದ ಫೋಟೋ ತರಿಸಿಕೊಂಡು ಗೋಡೆಗೆ ಹಾಕಿದರು. ಧಾರಾವಿಯ ಚಿತ್ರವನ್ನು ತೆಗೆಯಲಿಲ್ಲ, ತೆಗೆಯಬೇಕಾಗಿಯೂ ಇರಲಿಲ್ಲ.

ದೊಡ್ಡವರಿಗೆ ಇಷ್ಟು ಸಲೀಸಾಗಿ ಆಗುವುದಿಲ್ಲ. ಸ್ಟುಟ್‌ಗಾರ್ಟಿನ ಸೀಮೆಯಲ್ಲಿ ‘ಕೇರ್‌ವೊಖೆ’ ಎಂಬ ಒಂದು ಪದ್ಧತಿಯಿದೆ. ಒಂದೇ ಕಟ್ಟಡದಲ್ಲಿರುವ ಮನೆಯವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಮೆಟ್ಟಿಲು ಗುಡಿಸಿ ಒರೆಸಬೇಕು, ಎದುರಿನ ಕಾಲುದಾರಿಯನ್ನೂ. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಇಂಜಿನಿಯರ್ ಆದರೂ ಸರಿ, ನ್ಯಾಯಾಧೀಶರಾದರೂ ಸರಿ, ಸರದಿ ತಪ್ಪಿದರೆ ಅಕ್ಕಪಕ್ಕದವರು ಮಾತು ಬಿಡುತ್ತಾರೆ. ಒಂದು ದಿನ ನಾನು ಮೆಟ್ಟಿಲು ಒರೆಸುವಾಗ ಮೇಲಿನ ಮನೆಯ ಅಜ್ಜಿ ಇಳಿದು ಬಂದು, ‘ಟೀವಿಯಲ್ಲಿ ನೋಡಿದೆ, ನಿಮ್ಮಲ್ಲಿ ಬೀದಿಯೆಲ್ಲ ಕಸವಂತೆ. ನೀನು ಇಷ್ಟು ಚೊಕ್ಕಟ ಮಾಡುತ್ತೀಯಲ್ಲ, ಅಲ್ಲಿ ಯಾಕೆ ಹಾಗೆ?’ ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನಂದೆ, ‘ಮನೆಯೊಳಗೆ ನಾವು ನಿಮಗಿಂತ ಚೊಕ್ಕಟ. ಎರಡು ಹೊತ್ತು ಗುಡಿಸುತ್ತೇವೆ. ಹೊಸ್ತಿಲಿನಾಚೆಗೆ ಗುಡಿಸಿ ಬಿಡುತ್ತೇವೆ ಅಷ್ಟೆ.’ ಅವರು ನಕ್ಕರು. ನಕ್ಕು, ‘ಹೊಸ್ತಿಲಿನಾಚೆಯದನ್ನು ಯಾರು ಗುಡಿಸುತ್ತಾರೆ?’ ಎಂದರು.

ಅಲ್ಲಿ ನನ್ನ ನಗು ನಿಂತಿತು. ಮುನಿಸಿಪಾಲಿಟಿಯವರು ಎಂದು ಹೇಳಿ ಬಾಲ್ದಿ ಎತ್ತಿಕೊಂಡು ಹೋಗಬಹುದಿತ್ತು. ಆದರೆ ಸರದಿಯ ಹಲಗೆ ನನ್ನ ಬಾಗಿಲಿಗೇ ತೂಗುತ್ತಿತ್ತು. ಇಲ್ಲಿ ಗುಡಿಸುವ ಸರದಿ ಎಲ್ಲರ ಬಾಗಿಲಿಗೂ ಬರುತ್ತದೆ, ನಮ್ಮಲ್ಲಿ ಅದು ಕೆಲವರ ಮನೆತನಕ್ಕೆ ಅಂಟಿಕೊಂಡು ಬಂದಿದೆ. ಕಾನೂನಿನಲ್ಲಿ ಹಾಗಿಲ್ಲ, ನಡವಳಿಕೆಯಲ್ಲಿ ಇದೆ. ಇಷ್ಟನ್ನು ಹೇಳಿದೆ. ನಾನು ಹುಟ್ಟಿದ್ದು ಗುಡಿಸಿ ಆಚೆಗೆ ತಳ್ಳುವ ಮನೆಯಲ್ಲಿ, ಎತ್ತುವ ಮನೆಯಲ್ಲಲ್ಲ ಎಂಬುದನ್ನೂ ಹೇಳಿದೆ. ಸಾಕ್ಷಿ ಹೇಳುವವರು ಎಲ್ಲಿ ನಿಂತು ನೋಡಿದರೆಂದು ಹೇಳದೆ ಹೋದರೆ ಆ ಸಾಕ್ಷಿ ಅರ್ಧ ಸುಳ್ಳು. ‘ಜಾತಿಯೆಲ್ಲ ಈಗ ಎಲ್ಲಿದೆ, ಅದು ಹಳೇ ಕಾಲದ ಮಾತು’ ಎಂದು ಕ್ಯಾಂಟೀನಿನಲ್ಲಿ ಭರವಸೆ ಕೊಡುವ ನಮ್ಮವರನ್ನು ನೋಡಿದಾಗ, ಇವರಿಗೆ ಅದು ಕಾಣದೆ ಹೋದದ್ದು ಯಾವ ಜಾಗದಲ್ಲಿ ನಿಂತಿದ್ದರಿಂದ ಎಂದು ಕೇಳಬೇಕೆನ್ನಿಸುತ್ತದೆ. 2023ರಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸುವ ಕಾನೂನು ಮಾಡಿತು. ಹಳೇ ಕಾಲದ ಮಾತು ಅಷ್ಟು ದೂರ ವಿಮಾನ ಹತ್ತಿ ಹೋಗಿದೆ ಎಂದಾಯಿತು.

ಈ ವಿಷಯದಲ್ಲಿ ನಮಗೆ ದೊಡ್ಡ ಮೇಲ್ಪಂಕ್ತಿಯೊಂದಿದೆ. 1916ರ ಮೇ ತಿಂಗಳು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ಗೋಷ್ಠಿಯಲ್ಲಿ ಇಪ್ಪತ್ತೈದು ವರ್ಷದ ಒಬ್ಬ ಭಾರತೀಯ ವಿದ್ಯಾರ್ಥಿ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದರು. ಅವರು ಭೀಮರಾವ್ ಅಂಬೇಡ್ಕರ್. ಪರದೇಶಿಗಳ ಮುಂದೆ ಮನೆಯ ಮಾನ ಹೋಗುತ್ತದೆಂದು ಅವರು ಮುಚ್ಚಿಡಲಿಲ್ಲ, ಅಳಲೂ ಇಲ್ಲ. ತಮ್ಮ ಗುಂಪಿನೊಳಗೇ ಮದುವೆಯಾಗುವ ಕಟ್ಟುಪಾಡಿನಿಂದ ಜಾತಿ ಹೇಗೆ ಹುಟ್ಟುತ್ತದೆ, ಮೇಲಿನವರನ್ನು ನೋಡಿ ಕೆಳಗಿನವರು ಅನುಸರಿಸುತ್ತ ಅದು ಹೇಗೆ ಹಬ್ಬುತ್ತದೆ ಎಂದು ಯಂತ್ರ ಬಿಚ್ಚಿ ತೋರಿಸಿದ ಹಾಗೆ ತೋರಿಸಿದರು. ಈ ವಿಷಯದಲ್ಲಿ ಪಾಶ್ಚಾತ್ಯ ವಿದ್ವಾಂಸರು ಬರೆದದ್ದನ್ನೂ ತಿದ್ದಿದರು. ಅದೇ ವರ್ಷಗಳಲ್ಲಿ ಅದೇ ನಗರದಲ್ಲಿ ಲಾಲಾ ಲಜಪತ ರಾಯ್ ಇದ್ದರು. ಅವರು ವೃತ್ತಿಯಿಂದಲೇ ವಕೀಲರು. ಭಾರತದ ಸ್ವರಾಜ್ಯದ ಪರವಾಗಿ ಅಮೆರಿಕನ್ನರಿಗೆ ಪುಸ್ತಕ ಬರೆದರು, ಸಂಘ ಕಟ್ಟಿದರು. ಮುಂದೆ 1927ರಲ್ಲಿ ಕ್ಯಾಥರಿನ್ ಮೇಯೊ ಎಂಬ ಅಮೆರಿಕನ್ ಮಹಿಳೆ ‘ಮದರ್ ಇಂಡಿಯಾ’ ಬರೆದು ಬಾಲ್ಯವಿವಾಹ, ಕೊಳಕು, ಅಸ್ಪೃಶ್ಯತೆ ಎಲ್ಲವನ್ನೂ ಒಟ್ಟುಗೂಡಿಸಿ ಈ ದೇಶ ಸ್ವರಾಜ್ಯಕ್ಕೆ ಯೋಗ್ಯವಲ್ಲ ಎಂಬಂತೆ ನಿಲ್ಲಿಸಿದಾಗ, ಲಾಲಾಜಿ ಮರುವರ್ಷ ‘ಅನ್‌ಹ್ಯಾಪಿ ಇಂಡಿಯಾ’ ಬರೆದರು. ಅಮೆರಿಕದಲ್ಲಿ ಕರಿಯರನ್ನು ಗುಂಪುಗೂಡಿ ಕೊಲ್ಲುವುದಿಲ್ಲವೆ, ನೀವು ನಮಗೆ ಬುದ್ಧಿ ಹೇಳುತ್ತೀರಾ ಎಂಬ ಧಾಟಿಯ ಉತ್ತರ ಅದರಲ್ಲಿದೆ. ಗಾಂಧೀಜಿಯೂ ಮೇಯೊ ಪುಸ್ತಕವನ್ನು ಚರಂಡಿ ತಪಾಸಣೆ ಮಾಡುವವರ ವರದಿ ಎಂದು ಜರಿದರು. ಆದರೆ ಭಾರತೀಯರು ಅದನ್ನು ಓದಿದರೆ ನಷ್ಟವಿಲ್ಲ, ಅದರ ತಿರುಳನ್ನು ತಳ್ಳಿಹಾಕಲಾಗದು ಎಂಬರ್ಥದ ಮಾತನ್ನೂ ಆ ಲೇಖನದಲ್ಲೇ ಸೇರಿಸಿದರು. ಇದನ್ನು ನಮ್ಮವರು ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ.

ಲಾಲಾಜಿಯವರದ್ದು ತಪ್ಪು ಎಂದು ನಾನು ಹೇಳಲಾರೆ. ಆಗ ಒಂದು ದೇಶದ ಸ್ವಾತಂತ್ರ್ಯವೇ ಕಟಕಟೆಯಲ್ಲಿ ನಿಂತಿತ್ತು. ಕಟಕಟೆ ಇದ್ದಾಗ ವಕೀಲರು ಬೇಕು. ಮೇಲಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ನಿಂತು ಕೇಳಿದಾಗ ಯಾರೂ ಕಟಕಟೆಯಲ್ಲಿಲ್ಲ.

ಕಟಕಟೆ ಮತ್ತೆ ಬಂದದ್ದೂ ಉಂಟು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಜಗತ್ತಿಗೆಲ್ಲ ಗೊತ್ತಾದ ಮೇಲೆ ಹಲವು ವರ್ಷ ನಮ್ಮ ಗಂಡುಮಕ್ಕಳನ್ನು ಅಲ್ಲಿ ನೋಡುವ ನೋಟವೇ ಬೇರೆಯಾಯಿತು. 2015ರ ಮಾರ್ಚಿನಲ್ಲಿ ಲೈಪ್‌ಜಿಗ್‌ನ ಪ್ರಾಧ್ಯಾಪಕಿಯೊಬ್ಬರು, ಭಾರತದಲ್ಲಿ ಅತ್ಯಾಚಾರದ ಸಮಸ್ಯೆ ಇದೆ ಎಂಬ ಕಾರಣ ಕೊಟ್ಟು ಭಾರತದ ಒಬ್ಬ ವಿದ್ಯಾರ್ಥಿಗೆ ತರಬೇತಿಯ ಅವಕಾಶ ನಿರಾಕರಿಸಿದ ಸಂಗತಿ ಹೊರಬಿತ್ತು. ಅವರಿಗೆ ಬಹಿರಂಗ ಪತ್ರ ಬರೆದು ಖಂಡಿಸಿದವರು ದೆಹಲಿಯಲ್ಲಿದ್ದ ಜರ್ಮನಿಯದೇ ರಾಯಭಾರಿ ಮಿಖಾಯೆಲ್ ಸ್ಟೈನರ್. ದೆಹಲಿಯ ಘಟನೆಯ ಬಗ್ಗೆ ಭಾರತದೊಳಗೇ ಎಷ್ಟು ಪ್ರಾಮಾಣಿಕವಾದ ಚರ್ಚೆ ನಡೆಯಿತು ನೋಡಿ ಎಂದು ಅವರು ತೋರಿಸಿಕೊಟ್ಟರು. ಪ್ರಾಧ್ಯಾಪಕಿ ಕ್ಷಮೆ ಕೇಳಿದರು. ಆ ದಿನಗಳಲ್ಲೇ ನಮ್ಮ ಸರ್ಕಾರ ದೆಹಲಿಯ ಘಟನೆಯ ಮೇಲೆ ಬಿಬಿಸಿಗಾಗಿ ಮಾಡಿದ್ದ ಸಾಕ್ಷ್ಯಚಿತ್ರವನ್ನು ದೇಶದಲ್ಲಿ ತೋರಿಸದಂತೆ ತಡೆದಿತ್ತು. ಹೊರಗಿನವರು ನಮ್ಮ ಚರ್ಚೆಯನ್ನು ಮೆಚ್ಚುವ ಹೊತ್ತಿಗೆ ಒಳಗೆ ನಾವು ಚರ್ಚೆಗೆ ಬಾಗಿಲು ಹಾಕುತ್ತಿದ್ದೆವು.

ಆಗ ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ವರ್ಮಾ ಸಮಿತಿಯ ಕಥೆ. ದೆಹಲಿಯ ಘಟನೆಯ ಬೆನ್ನಿಗೇ ನೇಮಕವಾದ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿಗೆ ಜನರಿಂದ ಸುಮಾರು 80,000 ಸಲಹೆಗಳು ಬಂದವು. ಸಮಿತಿ 29 ದಿನದಲ್ಲಿ ವರದಿ ಕೊಟ್ಟಿತು, 2013ರಲ್ಲೇ ಕಾನೂನು ತಿದ್ದುಪಡಿಯಾಯಿತು. ಕೇಳಿದವರಿಗೆ ಇದು ಹೊಸ ಸುದ್ದಿ. ಆ ವರದಿ ಹೇಳಿದ್ದನ್ನೆಲ್ಲ ಮಾಡಲಿಲ್ಲ, ಗಂಡನೇ ಮಾಡುವ ಬಲಾತ್ಕಾರವನ್ನು ಅಪರಾಧವೆನ್ನಬೇಕೆಂಬ ಸಲಹೆ ಕೈಬಿಟ್ಟರು ಎಂದೂ ಹೇಳುತ್ತಿದ್ದೆ. ಒಬ್ಬಾಕೆ ಅದಕ್ಕೆ, ‘ಜರ್ಮನಿಯಲ್ಲಿ ಅದು ಅಪರಾಧವಾದದ್ದು 1997ರಲ್ಲಿ. ನನ್ನ ಮದುವೆಯಾಗಿ ಹತ್ತು ವರ್ಷದ ಮೇಲೆ’ ಎಂದರು. ಇದು ನನಗೆ ಗೊತ್ತಿರಲಿಲ್ಲ. ವಾದಕ್ಕಿಳಿದಿದ್ದರೆ ಆಕೆ ಹೇಳುತ್ತಲೂ ಇರಲಿಲ್ಲ.

ಮನೆಯ ಮಾತು ಹೊರಗೆ ಹೋಗಲೇಬಾರದು ಎನ್ನುವವರೂ ಇದ್ದಾರೆ. ನಮ್ಮ ತೀರ್ಥಹಳ್ಳಿಯ ಕಡೆಯ ಯು. ಆರ್. ಅನಂತಮೂರ್ತಿ ‘ಸಂಸ್ಕಾರ’ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. ಅಲ್ಲಿ ಬರ್ಗ್‌ಮನ್‌ನ ‘ದ ಸೆವೆಂತ್ ಸೀಲ್’ ಸಿನಿಮಾ ನೋಡಿ ಬಂದಾಗ, ಯುರೋಪಿನವರು ಓದಿ ಕಲ್ಪಿಸಿಕೊಳ್ಳಬೇಕಾದ ಮಧ್ಯಯುಗ ನಮ್ಮಲ್ಲಿ ನೆನಪಿನಲ್ಲೇ ಜೀವಂತವಾಗಿದೆ ಎಂದು ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿಯವರ ಜತೆ ಮಾತಾಡಿದ್ದನ್ನು, ಅದನ್ನೇ ಬರೆ ಎಂದು ಅವರು ಹೇಳಿದ್ದನ್ನು ಅನಂತಮೂರ್ತಿಯವರು ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಕಾದಂಬರಿ 1965ರಲ್ಲಿ ಬಂತು. ಬರೆದ ಜಾಗ ಪರದೇಶ, ಆದರೆ ಮಾತಾಡಿದ್ದು ಕನ್ನಡದಲ್ಲಿ, ಕನ್ನಡದವರೊಡನೆ. ನಮ್ಮಲ್ಲಿ ಜಗಳಗಳಾದವು. ಅದು ಮನೆಯೊಳಗಿನ ಜಗಳ. 1976ರಲ್ಲಿ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಮೈಸೂರಿನ ಆ ಮನುಷ್ಯ ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದವರು. ಮರುವರ್ಷ ವಿ. ಎಸ್. ನೈಪಾಲ್ ಭಾರತದ ಮೇಲೆ ಬರೆದ ಪುಸ್ತಕದಲ್ಲಿ ಕಾದಂಬರಿಯ ನಾಯಕ, ಅಗ್ರಹಾರದ ಪ್ರಾಣೇಶಾಚಾರ್ಯರ ಕಥೆಯನ್ನೇ ಎತ್ತಿಕೊಂಡು, ಲೇಖಕ ತಿಳಿದೋ ತಿಳಿಯದೆಯೋ ಒಂದು ಅನಾಗರಿಕ ಸಮಾಜವನ್ನು ಚಿತ್ರಿಸಿದ್ದಾರೆ ಎಂಬ ತೀರ್ಪು ಕೊಟ್ಟರು.

ತಿಳಿಯದೆಯೋ ಎಂಬುದೇ ನನಗೆ ಸಿಟ್ಟು ತರುವುದು. ಅಗ್ರಹಾರದ ಒಳಗನ್ನು ಅಷ್ಟು ತಿಳಿದವರು ಬೇರೆ ಯಾರಿದ್ದರು? ಆದರೆ ನೈಪಾಲ್ ಹಾಗೆ ಓದಿದರೆಂದು ಅನಂತಮೂರ್ತಿ ಬರೆಯಬಾರದಿತ್ತೆ, ರಾಮಾನುಜನ್ ಅನುವಾದಿಸಬಾರದಿತ್ತೆ? ಹೊರಗಿನವರ ಕಿವಿಗೆ ಬೀಳುತ್ತದೆಂದು ಮನೆಯ ಮಾತನ್ನೇ ನಿಲ್ಲಿಸಿದರೆ ಮನೆಯನ್ನು ನಡೆಸುವವರು ಅವರೇ ಆಗುತ್ತಾರೆ. ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ದಿನ ಪುಳಿಯೋಗರೆ ತಟ್ಟೆ ಹಿಡಿದು ಗಂಟೆಗಟ್ಟಲೆ ಲಂಚ, ರಸ್ತೆ ಗುಂಡಿ, ರಾಜಕಾರಣ ಎಂದು ದೇಶವನ್ನು ಹರಿದು ಹಂಚುವವರು, ಯಾರದೋ ಜರ್ಮನ್ ಸೊಸೆ ಹತ್ತಿರ ಬಂದು ಕೂತರೆ ತಟ್ಟನೆ ಹಂಪಿಯ ಕಲ್ಲಿನ ರಥಕ್ಕೆ ಹಾರುತ್ತಾರೆ. ಆ ಹುಡುಗಿ ಈಗ ಚೆನ್ನಾಗಿ ಕನ್ನಡ ಕಲಿತಿದ್ದಾಳೆ. ನಮ್ಮ ಗುಟ್ಟೆಲ್ಲ ಅವಳಿಗೆ ಗೊತ್ತು.

ಕನ್ನಡ ಕಲಿತ ಜರ್ಮನರು ಎಂದಾಗ ಹೇಳದಿರಲು ಆಗುವುದಿಲ್ಲ. ನಮ್ಮ ಮನೆಯಿಂದ ಸುಮಾರು ಒಂದು ಗಂಟೆಯ ದಾರಿ ಟ್ಯೂಬಿಂಗನ್. ಫರ್ಡಿನೆಂಡ್ ಕಿಟ್ಟೆಲ್ ತೀರಿಕೊಂಡದ್ದು ಆ ಊರಿನಲ್ಲಿ, 1903ರಲ್ಲಿ. ಅವರೂ, ಅವರಿಗಿಂತ ಮೊದಲು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗರೂ ಬಾಸೆಲ್ ಮಿಷನ್ನಿನವರು. ಬಂದದ್ದೇ ನಮ್ಮ ದೇವರು ಸುಳ್ಳು ಎಂದು ಹೇಳಲು. ನಮ್ಮ ಬಗ್ಗೆ ಇದಕ್ಕಿಂತ ಗಟ್ಟಿಯಾದ ಅಭಿಪ್ರಾಯ ಇಟ್ಟುಕೊಂಡು ಬಂದವರಿಲ್ಲ. ಬಂದ ಮೇಲೆ ಮೋಗ್ಲಿಂಗ್ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲ್ ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಮುಗಿಸಿದರು. ಅವರ ಅಭಿಪ್ರಾಯ ಬದಲಾಯಿತೋ ಇಲ್ಲವೋ, ಅದರ ಪಕ್ಕದಲ್ಲಿ ತಿಳಿವಳಿಕೆ ಬಂದು ಕೂತಿತು. ಅಪರಿಚಿತರ ಅಭಿಪ್ರಾಯವನ್ನು ಕಿತ್ತುಹಾಕಲು ಹೋಗುವುದಕ್ಕಿಂತ, ಅದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಟ್ಟು ಬರುವುದು ಆಗುವ ಕೆಲಸ.

ನಾವೂ ಬೇರೆಯವರಿಗೆ ಅಪರಿಚಿತರೇ. ನನ್ನ ಸಹೋದ್ಯೋಗಿಯೊಬ್ಬ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಆಟೋದವರು ಯಾವ ದೇಶ ಎಂದು ಕೇಳಿದರು. ಜರ್ಮನಿ ಎಂದ. ಆಟೋದವರ ಮುಖ ಅರಳಿತು. ‘ಹಿಟ್ಲರ್! ಗ್ರೇಟ್ ಮ್ಯಾನ್!’ ಗೌರವ ತೋರಿಸಲೆಂದೇ ಹೇಳಿದ್ದು. ನಮ್ಮ ಚರ್ಚ್ ಸ್ಟ್ರೀಟಿನ ಕಡೆ ಫುಟ್‌ಪಾತಿನಲ್ಲಿ ಹಿಟ್ಲರನ ಆತ್ಮಕಥೆ ಮಾರಾಟಕ್ಕಿರುವುದನ್ನು ನೀವೂ ನೋಡಿರುತ್ತೀರಿ. ನನ್ನ ಸಹೋದ್ಯೋಗಿಗೆ ನೆಲ ಕುಸಿದ ಹಾಗಾಯಿತಂತೆ. ಅವನ ಪಟ್ಟಣದ ಕಾಲುದಾರಿಯಲ್ಲಿ, ನಮ್ಮ ಪಟ್ಟಣದ್ದರಲ್ಲೂ, ಹಿಟ್ಲರನ ಆಳ್ವಿಕೆಗೆ ಬಲಿಯಾದವರ ನೆನಪಿಗೆ ಅಂಗೈಯಗಲದ ಹಿತ್ತಾಳೆಯ ಕಲ್ಲುಗಳನ್ನು ಹೂತಿದ್ದಾರೆ. ಈ ಮನೆಯಲ್ಲಿ ಇಂಥವರು ಇದ್ದರು, ಇಂಥ ವರ್ಷ ಹುಟ್ಟಿದರು, ಇಂಥ ವರ್ಷ ಹಿಡಿದು ಒಯ್ದರು, ಇಂಥ ಕಡೆ ಕೊಂದರು. ಅಷ್ಟೇ ಅದರಲ್ಲಿರುವುದು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ತೊಂಬತ್ತರ ದಶಕದಲ್ಲಿ ಶುರು ಮಾಡಿದ ಕೆಲಸ, 2023ರಲ್ಲಿ ಕಲ್ಲುಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಸ್ವಂತ ಬಾಗಿಲ ಮುಂದೆ ಹೀಗೆ ಸಾಕ್ಷಿ ಬರೆದಿಟ್ಟ ಊರಿನವನಿಗೆ ನಮ್ಮ ಆಟೋದಲ್ಲಿ ಆ ಹೊಗಳಿಕೆ. ಪಕ್ಕದಲ್ಲಿದ್ದ ಕನ್ನಡದ ಹುಡುಗನಿಗೆ ಅವನು ಹೇಳಿದ, ‘ಅನುವಾದ ಮಾಡು. ನನ್ನ ಅಜ್ಜ ಆ ಸೈನ್ಯದಲ್ಲಿದ್ದ. ನಮ್ಮ ಬೀದಿಯ ಡಾಕ್ಟರ ಮನೆಯವರನ್ನೆಲ್ಲ ಒಯ್ದಾಗ ಅಜ್ಜಿ ಕಿಟಕಿಯಿಂದ ನೋಡಿದಳು, ಸುಮ್ಮನಿದ್ದಳು. ಅವಳೇ ನನಗೆ ಹೇಳಿದ್ದು.’ ಆಟೋದವರು ಸಿಗ್ನಲ್ಲಿನಲ್ಲಿ ಹಿಂದಿರುಗಿ, ‘ಎಲ್ಲರನ್ನೂನಾ ಸಾರ್? ಮಕ್ಕಳನ್ನೂ?’ ಎಂದರು. ಮೆಜೆಸ್ಟಿಕ್ಕಿನವರೆಗೆ ಮಾತಾಯಿತು. ಅವನು ಹಿಟ್ಲರನ ಮೇಲೆ ಭಾಷಣ ಮಾಡಿದ್ದರೆ ಮೀಟರಿಗಿಂತ ಇಪ್ಪತ್ತು ರೂಪಾಯಿ ಹೆಚ್ಚು ಬೀಳುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ.

ಎಲ್ಲ ಮಾತಿಗೂ ಉತ್ತರ ಕೊಡಬೇಕೆಂದು ನಾನು ಹೇಳುತ್ತಿಲ್ಲ. ರಾತ್ರಿ ಕೊನೆಯ ಟ್ರಾಮಿನಲ್ಲಿ ಕುಡಿದವನೊಬ್ಬ ನಿಮ್ಮ ಊರಿಗೆ ಹೋಗಿ ಎಂದು ಕೂಗಿದರೆ ಅವನಿಗೆ ವರ್ಮಾ ಸಮಿತಿ ಬೇಡ. ಡ್ರೈವರನ ಹತ್ತಿರದ ಸೀಟಿಗೆ ಹೋಗಿ ಕೂರುವುದು, ಬೇಕಾದರೆ ಪೊಲೀಸರ 110ಕ್ಕೆ ಫೋನು ಮಾಡುವುದು. ಕೆಲಸದಿಂದ ದಣಿದು ಬಂದ ದಿನ ಒಳ್ಳೆಯವರ ಪ್ರಶ್ನೆಗೂ ‘ಇವತ್ತು ಬೇಡ, ಇನ್ನೊಂದು ದಿನ’ ಎನ್ನಬಹುದು. ದೇಶಕ್ಕೇನೂ ಆಗುವುದಿಲ್ಲ.

ಊರಿಗೆ ಬಂದಾಗ ಕಟಕಟೆ ತಿರುಗಿ ನಿಲ್ಲುತ್ತದೆ. ದೊಡ್ಡಮ್ಮ ಶುರು ಮಾಡುತ್ತಾರೆ: ‘ಅಲ್ಲೆಲ್ಲ ಹದಿನೆಂಟು ತುಂಬಿದ ಮಕ್ಕಳನ್ನ ಹೊರಗೆ ಹಾಕ್ತಾರಂತೆ, ಅಪ್ಪ ಅಮ್ಮನ್ನ ಆಶ್ರಮಕ್ಕೆ ಬಿಡ್ತಾರಂತೆ, ಹೌದೇನೆ?’ ಮೇಲಿನ ಮನೆಯ ಅಜ್ಜಿಗೆ ಮಗ ಪ್ರತಿ ಭಾನುವಾರ ಕೇಕು ತಂದುಕೊಡುವುದನ್ನು ಹೇಳುತ್ತೇನೆ. ಮುಪ್ಪಿನ ಆರೈಕೆಗೆಂದು 1995ರಿಂದ ಎಲ್ಲರ ಸಂಬಳದಲ್ಲೂ ವಿಮೆಯ ಹಣ ಮುರಿದುಕೊಳ್ಳುವುದನ್ನು, ನನ್ನದರಲ್ಲೂ ಮುರಿದುಕೊಳ್ಳುವುದನ್ನು ಹೇಳುತ್ತೇನೆ. ಮೂರನೇ ಮಹಡಿಯ ಮುದುಕರೊಬ್ಬರು ತೀರಿಕೊಂಡು ನಾಲ್ಕು ದಿನ ಯಾರಿಗೂ ಗೊತ್ತಾಗದೆ ಹೋದದ್ದನ್ನೂ ಹೇಳುತ್ತೇನೆ. ದೊಡ್ಡಮ್ಮನಿಗೆ ಕೊನೆಯದು ಮಾತ್ರ ನೆನಪಿರುತ್ತದೆ.

ಚಿಕ್ಕಪ್ಪನದ್ದು ಬೇರೆ ತಕರಾರು. ಅವರಿಗೆ ನಾಲ್ಕು ಎಕರೆ ಅಡಿಕೆ ತೋಟ. ‘ನಿಮ್ಮ ಕಡೆಯವರು ಅಡಿಕೆ ತಿಂದ್ರೆ ಕ್ಯಾನ್ಸರು ಅಂತಾರಲ್ಲ, ಅವ್ರೇನು ಕವಳ ಹಾಕಿ ನೋಡಿದಾರಾ?’ ನಮ್ಮ ಕಡೆಯವರು ಎಂದರೆ ಫ್ರಾನ್ಸಿನ ಲಿಯೋನ್‌ನಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ. 2004ರಲ್ಲಿ ಅದು ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಮಲೆನಾಡಿನ ಮನೆಮನೆಯ ಅನ್ನದ ಮೇಲೆ ಬಂದ ಮಾತು ಅದು. ನಾನು ಓದಿದ್ದೂ ಆ ತೋಟದ ದುಡ್ಡಿನಲ್ಲೇ, ಚಿಕ್ಕಪ್ಪನೇ ಫೀಸು ಕಟ್ಟಿದ ವರ್ಷಗಳಿವೆ. ‘ಹೌದು ಚಿಕ್ಕಪ್ಪ, ಹೇಳಿದ್ದು ಅವರೊಬ್ಬರೇ ಅಲ್ಲ, ಬಾಯಿ ಕ್ಯಾನ್ಸರು ನೋಡೋ ನಮ್ಮ ಡಾಕ್ಟರುಗಳೂ ಹೇಳ್ತಾರೆ’ ಎಂದೆ. ಅವರು ಕವಳದ ಬಟ್ಟಲನ್ನು ಹತ್ತಿರ ಎಳೆದುಕೊಂಡು ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚಿದರು. ‘ಆಯ್ತು ಮಾರಾಯ್ತಿ. ಹಂಗಾದ್ರೆ ಮರ ಕಡಿದು ಆ ಜಾಗದಲ್ಲಿ ಏನು ಬೆಳೀಬೇಕು ಅಂತ, ಅದನ್ನೂ ಅವರನ್ನೇ ಕೇಳ್ಕೊಂಡು ಬಾ’ ಎಂದರು.